ಬಿಳಿ ಸ್ಕರ್ಟಿನ ದಿನ ಮಗಳಿಗೆ ಹೊಟ್ಟೆನೋವು

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಖಾಸಗಿ ಶಾಲೆಯಲ್ಲಿ ಎಂಟನೇ ಕ್ಲಾಸು. ಅಲ್ಲಿ ವಾರಕ್ಕೊಂದು ದಿನ ಪಿ.ಟಿ. ಅವತ್ತು ಹುಡುಗಿಯರು ಬಿಳಿ ಶರ್ಟು, ಬಿಳಿ ಸ್ಕರ್ಟು ಹಾಕಲೇಬೇಕು. ಹೋದ ವರ್ಷ ಅವಳಿಗೆ ಮುಟ್ಟು ಶುರುವಾಯಿತು. ಅಂದಿನಿಂದ ಆ ದಿನ ಬಂತೆಂದರೆ ಹೊಟ್ಟೆನೋವು ಅಂತ ಮಲಗಿಬಿಡುತ್ತಾಳೆ. ಕೂರಿಸಿಕೊಂಡು ಕೇಳಿದಾಗ ಅಳುತ್ತಾ ಹೇಳಿದಳು. ಒಂದು ದಿನ ಸ್ಕರ್ಟಿಗೆ ಕಲೆಯಾಗಿತ್ತಂತೆ. ಬೆಲ್ ಹೊಡೆದರೂ ಬೆಂಚಿನಿಂದ ಏಳಲಿಲ್ಲವಂತೆ. ಎಲ್ಲರೂ ಹೋದ ಮೇಲೆ ಸ್ವೆಟರ್ ಸೊಂಟಕ್ಕೆ ಕಟ್ಟಿಕೊಂಡು ಬಂದಳಂತೆ. ಮುಂದಿನ ಸಲ ನಾನೇ ನೇವಿ ಬ್ಲೂ ಪ್ಯಾಂಟ್ ಹಾಕಿ ಕಳಿಸಿದೆ. ಅಸೆಂಬ್ಲಿಯಲ್ಲಿ ಸಾಲಿನಿಂದ ಹೊರಗೆ ನಿಲ್ಲಿಸಿ ಯಾಕೆ ಅಂತ ಕೇಳಿದರಂತೆ. ನಾನು ಪ್ರಿನ್ಸಿಪಾಲರ ಹತ್ತಿರ ಮಾತಾಡುತ್ತೇನೆ ಅಂದರೆ, "ಅಮ್ಮಾ, ಬೇಡಮ್ಮಾ, ಎಲ್ಲರಿಗೂ ಗೊತ್ತಾಗುತ್ತೆ" ಅಂತಾಳೆ. ನನ್ನ ಗಂಡ, "ಅಡ್ಮಿಷನ್ ಮಾಡಿಸುವಾಗ ರೂಲ್ಸಿಗೆ ಸೈನ್ ಹಾಕಿದ್ದೇವೆ. ಈಗ ತಕರಾರು ತೆಗೆದರೆ ಮಗಳ ಮೇಲೆ ಕಣ್ಣಿಡುತ್ತಾರೆ" ಅಂತಾರೆ. ಮಾತಾಡಲೋ, ಸುಮ್ಮನಿರಲೋ?

ಉತ್ತರ: ಮಾತಾಡಿ. ಆದರೆ ಮಗಳಿಗೆ ತಿಳಿಸದೆ ಶಾಲೆಯ ಗೇಟು ದಾಟಬೇಡಿ.

ನಿಮ್ಮ ಪತ್ರದಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಆ ಬೆಂಚು. ಬೆಲ್ ಹೊಡೆದಿದೆ, ಗೆಳತಿಯರು ಬಾ ಅಂತ ಕರೆಯುತ್ತಿದ್ದಾರೆ, ಇವಳು ಏನೋ ಬರೆಯುತ್ತಿರುವ ಹಾಗೆ ತಲೆ ಬಗ್ಗಿಸಿ ಕೂತಿದ್ದಾಳೆ. 13 ವರ್ಷದ ಮಗು ಒಬ್ಬಳೇ ಅಷ್ಟು ಹೊತ್ತು ಅದನ್ನು ನಿಭಾಯಿಸಿದ್ದಾಳೆ. ಅವಳ ಹೊಟ್ಟೆನೋವನ್ನು ನಾಟಕ ಅಂತ ದಯವಿಟ್ಟು ಕರೆಯಬೇಡಿ. ಭಯಕ್ಕೂ ಹೊಟ್ಟೆ ನಿಜವಾಗಿಯೇ ಹಿಂಡುತ್ತದೆ. ಮುಟ್ಟಿನ ನೋವೂ ಅದರ ಜೊತೆ ಸೇರಿರಬಹುದು.

"ಡೇಟು ನೋಡಿಕೊಂಡು ಹುಷಾರಾಗಿರು" ಅಂತ ಹೇಳುವುದು ಸುಲಭ. ಈ ವಯಸ್ಸಿನಲ್ಲಿ ಅದು ಆಗುವ ಮಾತಲ್ಲ. ಮುಟ್ಟು ಶುರುವಾದ ಮೊದಲ ಎರಡು ಮೂರು ವರ್ಷ ಅದಕ್ಕೆ ಲೆಕ್ಕವೇ ಇರುವುದಿಲ್ಲ. ಒಂದು ಸಲ 21 ದಿನಕ್ಕೆ ಬರಬಹುದು, ಇನ್ನೊಂದು ಸಲ 45 ದಿನ ಆಗಬಹುದು. ಎರಡೂ ಸಹಜವೇ. ಹಾಗಾಗಿ ನಿಮ್ಮ ಮಗಳಿಗೆ ತಿಂಗಳಲ್ಲಿ ಒಂದು ಬಿಳಿ ಸ್ಕರ್ಟಿನ ದಿನ ಮಾತ್ರ ಹೆದರಿಕೆ ಇರುವುದಲ್ಲ. ಪ್ರತಿ ವಾರವೂ ಇದೆ. ಇಡೀ ಮುಟ್ಟಿನಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ 30–40 ಮಿಲಿಲೀಟರ್, ಅಂದರೆ ಎರಡು ಮೂರು ದೊಡ್ಡ ಚಮಚ. ಅದರಲ್ಲಿ ಒಂದು ಹನಿ ಸಾಕು, ಬಿಳಿ ಬಟ್ಟೆಯ ಮೇಲೆ ಕ್ಲಾಸಿಗೆಲ್ಲ ಕಾಣುತ್ತದೆ.

ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ. ಅವರ ಭಯವೂ ಮಗಳ ಮೇಲಿನ ಪ್ರೀತಿಯಿಂದಲೇ ಬಂದಿದ್ದು. ಸೈನ್ ಹಾಕಿದ್ದೂ ನಿಜ. ಖಾಸಗಿ ಶಾಲೆ ತನ್ನ ಯೂನಿಫಾರ್ಮ್ ತಾನೇ ಗೊತ್ತು ಮಾಡಬಹುದು, ಸೇರಿದವರು ಅದನ್ನು ಪಾಲಿಸಬೇಕು. ಆದರೆ ನಿಯಮ ಮುರಿಯುವುದೇ ಬೇರೆ, ನಿಯಮ ಬದಲಿಸಿ ಅಂತ ಕೇಳುವುದೇ ಬೇರೆ. ಕೇಳುವುದಿಲ್ಲ ಅಂತ ಅವರು ಎಲ್ಲಿಯೂ ಸೈನ್ ಹಾಕಿಲ್ಲ. ಶಾಲೆಯ ಡೈರಿಯನ್ನೂ ಒಮ್ಮೆ ತೆಗೆದು ಓದಿ. "ಬಿಳಿ ಸ್ಕರ್ಟು" ಅಂತ ಬರೆದಿರುತ್ತದೆ. ಒಳಗೆ ಕಪ್ಪು ಶಾರ್ಟ್ಸ್ ಹಾಕಬಾರದು ಅಂತ ಬಹುಶಃ ಬರೆದಿರುವುದಿಲ್ಲ.

ಬಿಳಿಯ ವಿಷಯದಲ್ಲಿ ಟೆನಿಸ್ ಆಟದ ವಿಂಬಲ್ಡನ್‌ಗಿಂತ ಕಟ್ಟುನಿಟ್ಟಿನ ಜಾಗ ಇನ್ನೊಂದಿಲ್ಲ. ಮೈಮೇಲೆ ಬೇರೆ ಬಣ್ಣದ ಒಂದು ಪಟ್ಟಿ ದಪ್ಪಗಿದ್ದರೂ ಅಲ್ಲಿ ಒಪ್ಪುತ್ತಿರಲಿಲ್ಲ. ಅವರೇ 2023ರಿಂದ ಆಟಗಾರ್ತಿಯರು ಸ್ಕರ್ಟಿನ ಒಳಗೆ ಗಾಢ ಬಣ್ಣದ ಶಾರ್ಟ್ಸ್ ಹಾಕಬಹುದು ಅಂದರು. ಕಾರಣ ಮುಟ್ಟಿನ ಚಿಂತೆಯೇ. ಅದೇ ವರ್ಷ ಇಂಗ್ಲೆಂಡಿನ ಮಹಿಳಾ ಫುಟ್‌ಬಾಲ್ ತಂಡ ಬಿಳಿ ಶಾರ್ಟ್ಸ್ ಬಿಟ್ಟು ನೀಲಿ ಹಾಕಿಕೊಂಡು ವಿಶ್ವಕಪ್ ಆಡಿತು. ಐರ್ಲೆಂಡಿನ ಮಹಿಳಾ ರಗ್ಬಿ ತಂಡವೂ ಬಿಳಿಯಿಂದ ನೇವಿ ಬ್ಲೂಗೆ ಬದಲಾಯಿತು. ಇವರೆಲ್ಲ ದೊಡ್ಡವರು, ಅನುಭವಸ್ಥರು, ಮೈ ಬಗ್ಗೆ ಸಂಕೋಚ ಬಿಟ್ಟವರು. ಅವರಿಗೇ ಕಷ್ಟವಾದದ್ದು ನಿಮ್ಮ ಮಗಳಿಗೆ ಆಗಬಾರದಾ? ಪ್ರಿನ್ಸಿಪಾಲರ ಮುಂದೆ ಇದನ್ನು ಹೇಳಿ. ನಿಮ್ಮ ಯಜಮಾನರಿಗೂ ಹೇಳಿ.

ಈಗ ಮುಖ್ಯ ವಿಷಯ: ಏನು ಕೇಳಬೇಕು? ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ತಾಯಂದಿರು ಒಳ್ಳೆಯ ಮನಸ್ಸಿನಿಂದಲೇ ಹೋಗಿ, "ಆ ದಿನಗಳಲ್ಲಿ ಮಾತ್ರ ಬಣ್ಣದ ಪ್ಯಾಂಟ್ ಹಾಕಲು ಬಿಡಿ" ಅಂತ ಕೇಳುತ್ತಾರೆ. ಶಾಲೆಯೂ ಸಂತೋಷದಿಂದ ಒಪ್ಪುತ್ತದೆ. ಆಮೇಲೆ ಏನಾಗುತ್ತದೆ ನೋಡಿ. ನಲವತ್ತು ಬಿಳಿ ಸ್ಕರ್ಟಿನ ನಡುವೆ ಒಂದು ನೀಲಿ ಪ್ಯಾಂಟ್ ಬಂದರೆ ಅದರ ಅರ್ಥ ಮೈದಾನಕ್ಕೆಲ್ಲ ಗೊತ್ತು. ಯಾವುದನ್ನು ಮುಚ್ಚಿಡಲು ಮಗು ಅಷ್ಟು ಒದ್ದಾಡುತ್ತಿತ್ತೋ ಅದನ್ನು ಪ್ಯಾಂಟೇ ಸಾರಿ ಹೇಳುತ್ತದೆ. ಅಂಥ ರಿಯಾಯಿತಿ ಸಿಕ್ಕರೂ ನಿಮ್ಮ ಮಗಳು ಅದನ್ನು ಬಳಸುವುದಿಲ್ಲ, ಮನೆಯಲ್ಲೇ ಮಲಗುತ್ತಾಳೆ.

ಆದ್ದರಿಂದ ಎಲ್ಲರಿಗೂ ಸೇರಿ ಕೇಳಿ. ಶರ್ಟು ಬಿಳಿಯೇ ಇರಲಿ, ಕೆಳಗಿನದು ಎಲ್ಲ ಮಕ್ಕಳಿಗೂ ಗಾಢ ಬಣ್ಣ ಆಗಲಿ. ಹುಡುಗರಿಗೂ. ಆಗ ಎಲ್ಲರೂ ಒಂದೇ ಥರ ಕಾಣಬೇಕು ಅನ್ನುವ ಶಾಲೆಯ ಆಸೆಗೂ ಧಕ್ಕೆ ಇಲ್ಲ. ಈಗಿರುವ ಬಟ್ಟೆ ಹೊಲಿಸಿದವರಿಗೆ ಖರ್ಚಾಗುತ್ತದೆ ಅಂದರೆ ಮುಂದಿನ ವರ್ಷದಿಂದ ಬದಲಾಯಿಸಲಿ. ಅಲ್ಲಿಯವರೆಗೆ ಯಾರು ಬೇಕಾದರೂ, ಯಾವ ವಾರ ಬೇಕಾದರೂ, ಕಾರಣ ಹೇಳದೆ ಟ್ರ್ಯಾಕ್ ಪ್ಯಾಂಟ್ ಹಾಕಬಹುದು ಅಂತ ಮಾಡಲಿ. "ಕಾರಣ ಹೇಳದೆ" ಅನ್ನುವ ಮಾತನ್ನು ಬಿಟ್ಟುಕೊಡಬೇಡಿ.

ಇನ್ನೊಂದು ವಿಷಯದಲ್ಲಿ ನನಗೆ ನಿಜವಾಗಿಯೂ ಸಿಟ್ಟು ಬಂದಿದೆ. ಬಟ್ಟೆ ಸರಿ ಇಲ್ಲ ಅಂತ ಮಗುವನ್ನು ಸಾಲಿನಿಂದ ಹೊರಗೆ ಕರೆದು ಎಲ್ಲರ ಮುಂದೆ ಕೇಳಿದ್ದಾರಲ್ಲ, ಅದು ತಪ್ಪು. ಡೈರಿಯಲ್ಲಿ ಬರೆದು ಕಳಿಸಬಹುದಿತ್ತು, ನಿಮಗೆ ಫೋನ್ ಮಾಡಬಹುದಿತ್ತು. ಬಟ್ಟೆಯ ತಕರಾರು ಏನೇ ಇದ್ದರೂ ಪೋಷಕರ ಜೊತೆ ಮಾತಾಡಿ, ಮಕ್ಕಳನ್ನು ನಿಲ್ಲಿಸಬೇಡಿ ಅಂತ ಸ್ಪಷ್ಟವಾಗಿ ಹೇಳಿ. ಬಹುಶಃ ಆ ಟೀಚರಿಗೆ ಕಾರಣ ಹೊಳೆದಿರಲಿಕ್ಕಿಲ್ಲ. ಹೇಳಿದ ಮೇಲೆ ಹೊಳೆಯುತ್ತದೆ.

ಶಾಲೆಗೆ ಹೋಗುವ ಮೊದಲು ಮಗಳ ಜೊತೆ ಕೂತು ಮಾತಾಡಿ. "ನಿನ್ನ ಹೆಸರು ಹೇಳುವುದಿಲ್ಲ, ಆ ದಿನ ನಡೆದದ್ದನ್ನೂ ಹೇಳುವುದಿಲ್ಲ. ಹುಡುಗಿಯರಿಗೆಲ್ಲ ತೊಂದರೆ ಆಗ್ತಿದೆ ಅಂತ ಮಾತ್ರ ಹೇಳ್ತೀನಿ. ಸರೀನಾ?" ಅಂತ ಕೇಳಿ. ಕಾಗದ ಬರೆದು ಅವಳಿಗೇ ಮೊದಲು ಓದಲು ಕೊಡಿ. ಒಂದು ಸಾಲು ಬೇಡ ಅಂದರೆ ತೆಗೆದುಬಿಡಿ. ಆಗಲೂ ಬೇಡ ಅಂದರೆ ಒಂದೆರಡು ವಾರ ಕಾಯಿರಿ, ಮತ್ತೆ ಕೇಳಿ. ಆಟದ ಮೈದಾನದಲ್ಲಿ ಮಗಳು ಒಬ್ಬಳೇ ಇಲ್ಲ, ನೀವೂ ಒಬ್ಬರೇ ಹೋಗಬೇಕಿಲ್ಲ. ಇನ್ನಿಬ್ಬರು ಮೂವರು ತಾಯಂದಿರನ್ನು ಕೇಳಿ ನೋಡಿ, ಅವರ ಮನೆಯಲ್ಲೂ ಇದೇ ಹೊಟ್ಟೆನೋವು ಇರಬಹುದು. ಎಲ್ಲರೂ ಸೇರಿ ಕಾಗದಕ್ಕೆ ಸೈನ್ ಹಾಕಿದರೆ ಯಾವ ಮಗುವಿನ ಮೇಲೂ ಕಣ್ಣಿಡಲು ಆಗುವುದಿಲ್ಲ. ನಿಮ್ಮ ಯಜಮಾನರ ಚಿಂತೆಗೂ ಅದೇ ಉತ್ತರ. ಆದರೆ ಪೇರೆಂಟ್ಸ್ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಮಾತ್ರ ಇದನ್ನು ಹಾಕಬೇಡಿ. ಸಂಜೆಯೊಳಗೆ ಅದು ಮಕ್ಕಳ ಕೈಗೆ ಹೋಗಿರುತ್ತದೆ.

ಸಾಧ್ಯವಾದರೆ ಯಜಮಾನರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅಪ್ಪನೂ ಈ ವಿಷಯವನ್ನು ಸಲೀಸಾಗಿ ಮಾತಾಡುತ್ತಾನೆ ಅಂತ ಗೊತ್ತಾದರೆ ಆ ಹುಡುಗಿಯ ನಾಚಿಕೆ ಅರ್ಧ ಇಳಿಯುತ್ತದೆ.

ಶಾಲೆ ಬದಲಾಗುವವರೆಗೆ ದಿನ ದೂಡಬೇಕಲ್ಲ. ಸ್ಕರ್ಟಿನ ಒಳಗೆ ಮೈಗೆ ಹತ್ತುವ ಕಪ್ಪು ಶಾರ್ಟ್ಸ್ ಹಾಕಿಸಿ, ಮುಟ್ಟು ಇರಲಿ ಇಲ್ಲದಿರಲಿ, ಪ್ರತಿ ಪಿ.ಟಿ. ದಿನವೂ. ಬ್ಯಾಗಿನಲ್ಲಿ ಒಂದು ಪುಟ್ಟ ಪೌಚ್ ಇರಲಿ: ಎರಡು ಪ್ಯಾಡ್, ಒಂದು ಒಳಉಡುಪು, ಹಳೆಯ ಪೇಪರ್. ಪ್ಯಾಡ್ ಮೂರು ನಾಲ್ಕು ಗಂಟೆಗೊಮ್ಮೆ ಬದಲಾಯಿಸಲು ಹೇಳಿ. ಕಲೆಯಾದರೆ ತಣ್ಣೀರಿನಲ್ಲಿ ತೊಳೆಯಬೇಕು. ಬಿಸಿನೀರು ಹಾಕಿದರೆ ಬಟ್ಟೆಗೆ ಕಚ್ಚಿಕೊಳ್ಳುತ್ತದೆ. ಒಂದೆರಡು ಗಂಟೆಗೇ ಪ್ಯಾಡ್ ಪೂರ್ತಿ ನೆನೆಯುತ್ತಿದ್ದರೆ, ಏಳು ದಿನಕ್ಕಿಂತ ಜಾಸ್ತಿ ಹೋಗುತ್ತಿದ್ದರೆ, ಅಥವಾ ನೋವಿನಿಂದ ಏಳಲೂ ಆಗದಿದ್ದರೆ ಡಾಕ್ಟರಿಗೆ ತೋರಿಸಿ. ಅದಕ್ಕೆ ಔಷಧಿ ಇದೆ, ಮಗು ಹಲ್ಲು ಕಚ್ಚಿಕೊಂಡು ಸಹಿಸಬೇಕಾಗಿಲ್ಲ.

ಪ್ರಿನ್ಸಿಪಾಲರು "ನೋಡೋಣ" ಅಂತ ಕಳಿಸಿಬಿಟ್ಟರೆ ಕಾಗದದ ಪ್ರತಿ ಇಟ್ಟುಕೊಳ್ಳಿ, ಯಾವತ್ತು ತಿಳಿಸುತ್ತೀರಿ ಅಂತ ದಿನ ಕೇಳಿಕೊಂಡು ಬನ್ನಿ. ತಿಂಗಳಾದರೂ ಉತ್ತರ ಬರದಿದ್ದರೆ ಅದೇ ಕಾಗದವನ್ನು ಆಡಳಿತ ಮಂಡಳಿಗೆ ಕೊಡಿ, ನನಗೂ ಬರೆಯಿರಿ. ಮುಂದೆ ಏನು ಅಂತ ಸೇರಿ ಯೋಚಿಸೋಣ.