ಮಕ್ಕಳೊಂದಿಗೆ ವಿದೇಶದಲ್ಲಿ ತಿಂಗಳುಗಟ್ಟಲೆ: ಲೆಕ್ಕ ಎಲ್ಲಿಂದ ಶುರುವಾಗಬೇಕು?

ಪ್ರಶ್ನೆ: ನಾವು ಕೊಡಗಿನ ಅಮ್ಮತ್ತಿ ಸಮೀಪದ ಕಾಫಿ ಬೆಳೆಗಾರರು; ತೋಟದಲ್ಲಿರುವುದು ಹೆಚ್ಚಾಗಿ ರೊಬಸ್ಟಾ. ಪತ್ನಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಾರೆ. ಬರುವ ಶೈಕ್ಷಣಿಕ ವರ್ಷದಲ್ಲಿ ಮಗ ಸಿಬಿಎಸ್‌ಇ ಶಾಲೆಯ ಏಳನೇ ತರಗತಿಗೆ, ಮಗಳು ಒಂದನೇ ತರಗತಿಗೆ ಹೋಗುತ್ತಾರೆ. ಒಂದು ವರ್ಷ ಥಾಯ್ಲೆಂಡ್, ವಿಯೆಟ್ನಾಂ, ಇಂಡೊನೇಷ್ಯಾ, ಇಟಲಿ, ಫ್ರಾನ್ಸ್, ಪೋರ್ಚುಗಲ್ ಸುತ್ತಿ ಬರುವ ಆಸೆಯಿದೆ. ಮಗನ ಓದು ಕೆಡುವುದೇ? ತಯಾರಿ ಎಲ್ಲಿಂದ ಶುರು ಮಾಡಬೇಕು? ಮನೆಯಲ್ಲಿ 75 ವರ್ಷದ ತಾಯಿ ಇದ್ದಾರೆ.

ಉತ್ತರ: ನಿಮ್ಮ ಆಸೆಗೆ ನನ್ನ ಪೂರ್ಣ ಬೆಂಬಲವಿದೆ, ಆದರೆ ನಿಮ್ಮ ಪಟ್ಟಿಗೆ ಇಲ್ಲ. ಮಕ್ಕಳನ್ನು ಕರೆದುಕೊಂಡು ದೀರ್ಘಕಾಲ ಹೋಗುವವರು ದೇಶಗಳನ್ನು ಮೊದಲು ಆರಿಸಿ, ಶಾಲೆ, ವೀಸಾ, ಮನೆಯ ಜವಾಬ್ದಾರಿಗಳನ್ನು ಆಮೇಲೆ ಅದಕ್ಕೆ ಹೊಂದಿಸಲು ಹೋಗಿ ಸೋಲುತ್ತಾರೆ. ನಿಮ್ಮ ವಿಷಯದಲ್ಲಿ ಆರು ದೇಶಗಳ ಬದಲು ಎರಡು, ಒಂದು ವರ್ಷದ ಬದಲು ಜೂನ್‌ನಿಂದ ನವೆಂಬರ್‌ವರೆಗಿನ ಆರು ತಿಂಗಳು ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ರೊಬಸ್ಟಾ ಕೊಯ್ಲು ಬಿಸಿಯೇರುವುದು ಜನವರಿಯಲ್ಲಿ. ಅದರ ಬೆನ್ನಿಗೇ ಹೂವಿಗೆ ನೀರು ಹಾಯಿಸುವ ಕೆಲಸ ಬರುತ್ತದೆ. ಆ ತಿಂಗಳುಗಳಲ್ಲಿ ಯಜಮಾನ ತೋಟದಲ್ಲಿರಲೇಬೇಕು. ಮಳೆಗಾಲದ ಗೊಬ್ಬರ, ಕಳೆ, ಚಿಗುರು ತೆಗೆಯುವ ಕೆಲಸಗಳನ್ನು ನಂಬಿಕಸ್ಥ ರೈಟರ್ (ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು) ಒಬ್ಬರು ನೋಡಿಕೊಳ್ಳಬಲ್ಲರು. ಆಳುಗಳ ಬಟವಾಡೆಗೆ ಹಣ ತೆಗೆಯುವ ಅಧಿಕಾರ ಯಾರದೆಂಬುದನ್ನು ಮಾತ್ರ ಹೊರಡುವ ಮೊದಲೇ ಬ್ಯಾಂಕಿನಲ್ಲಿ ಬರವಣಿಗೆಯಲ್ಲಿ ಇತ್ಯರ್ಥಪಡಿಸಿ.

ನೀವು ಮಗನ ಓದಿನ ಬಗ್ಗೆ ಕೇಳಿದ್ದೀರಿ. ನನಗೆ ಚಿಂತೆಯಿರುವುದು ಮಗಳ ಬಗ್ಗೆ. ಏಳನೇ ತರಗತಿಯ ಹುಡುಗನಿಗೆ ಓದಲು ಬರುತ್ತದೆ. ಅವನು ಆರು ತಿಂಗಳ ಪಾಠವನ್ನು ಪುಸ್ತಕ ಹಿಡಿದು ಸರಿದೂಗಿಸಿಕೊಳ್ಳಬಲ್ಲ. ಒಂದನೇ ತರಗತಿ ಹಾಗಲ್ಲ, ಅಕ್ಷರಗಳು ಕೂಡಿ ಪದವಾಗಿ, ಪದ ವಾಕ್ಯವಾಗಿ ಮಗುವಿನ ಬಾಯಿಗೆ ಬರುವ ವರ್ಷ ಅದು, ಮತ್ತು ಅದಕ್ಕೆ ದಿನವೂ ತಪ್ಪದ ಅಭ್ಯಾಸ ಬೇಕು. ಬೆಳಿಗ್ಗೆ ತಿಂಡಿಯ ನಂತರ ಅವಳಿಗೆ ಒಂದು ಗಂಟೆ, ಮಗನಿಗೆ ಎರಡು ಗಂಟೆ ಮೀಸಲಿಡಿ. ಪ್ರಯಾಣದ ದಿನವನ್ನು ಬಿಟ್ಟು ಬೇರಾವ ದಿನವೂ ಇದು ತಪ್ಪಬಾರದು. ಎನ್‌ಸಿಇಆರ್‌ಟಿ ಪುಸ್ತಕಗಳು ಅದರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಗಣಿತವನ್ನು ಬಿಟ್ಟರೆ ಹಿಂದೆ ಬೀಳುವುದು ಕನ್ನಡ ಬರವಣಿಗೆಯೇ. ಆದ್ದರಿಂದ ಇಬ್ಬರೂ ವಾರಕ್ಕೊಮ್ಮೆ ಅಜ್ಜಿಗೆ ಕೈಬರಹದಲ್ಲಿ ಪತ್ರ ಬರೆಯಲಿ, ಅದರ ಚಿತ್ರ ತೆಗೆದು ಫೋನಿನಲ್ಲಿ ಕಳುಹಿಸಿದರೂ ನಡೆಯುತ್ತದೆ.

ಹೋಗುವುದಾದರೆ ಈಗಲೇ ಹೋಗಿ. ಎಂಟನೇ ತರಗತಿಯ ಕೊನೆಯ ಪರೀಕ್ಷೆಯಲ್ಲಿ ಅನುತ್ತೀರ್ಣರಾದವರನ್ನು ಅಲ್ಲೇ ಉಳಿಸಲು ಶಿಕ್ಷಣ ಹಕ್ಕು ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿ ಅವಕಾಶ ಕೊಟ್ಟಿದೆ. ಒಂಬತ್ತರಲ್ಲಿ ಸಿಬಿಎಸ್‌ಇ ನೋಂದಣಿ ನಡೆಯುತ್ತದೆ. ಹತ್ತರಲ್ಲಿ ಶೇ 75ರಷ್ಟು ಹಾಜರಾತಿ ಕಡ್ಡಾಯ. ಶಾಲೆಯ ಮುಖ್ಯಸ್ಥರನ್ನು ನೇರವಾಗಿ ಕಂಡು ಅರ್ಜಿ ಕೊಟ್ಟು, ರಜೆ, ಶುಲ್ಕ ಮತ್ತು ಮರಳಿ ಬಂದಾಗ ಕೂರುವ ತರಗತಿ, ಈ ಮೂರಕ್ಕೂ ಲಿಖಿತ ಒಪ್ಪಿಗೆ ಪಡೆಯಿರಿ. ಬಾಯಿಮಾತಿನ ಭರವಸೆ ಸಾಲದು, ಮುಖ್ಯಸ್ಥರು ವರ್ಗವಾದರೆ ಅದೂ ಅವರೊಂದಿಗೇ ಹೋಗುತ್ತದೆ. ಶಾಲೆಯೇ ಒತ್ತಾಯಿಸದ ಹೊರತು ವರ್ಗಾವಣೆ ಪತ್ರ ತೆಗೆದುಕೊಳ್ಳಬೇಡಿ. 6ರಿಂದ 14 ವರ್ಷದ ಮಕ್ಕಳಿಗೆ ವಯಸ್ಸಿಗೆ ತಕ್ಕ ತರಗತಿಯಲ್ಲಿ ಪ್ರವೇಶ ಕೊಡಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುವುದರಿಂದ ಸರ್ಕಾರಿ ಶಾಲೆಯ ಬಾಗಿಲು ತೆರೆದೇ ಇರುತ್ತದೆ. ಅನುದಾನರಹಿತ ಖಾಸಗಿ ಶಾಲೆಯಲ್ಲಿ ಬಿಟ್ಟ ಸೀಟು ಮತ್ತೆ ಸಿಕ್ಕೇ ಸಿಗುತ್ತದೆಂದು ಹೇಳುವಂತಿಲ್ಲ.

ಇನ್ನು ದೇಶಗಳ ಮಾತು. ಇಟಲಿ, ಫ್ರಾನ್ಸ್, ಪೋರ್ಚುಗಲ್ ಮೂರೂ ಷೆಂಗೆನ್ ವಲಯದವು, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟದವು. ಆ ವಲಯದ 29 ದೇಶಗಳಲ್ಲಿ ಎಲ್ಲಿದ್ದರೂ, ಯಾವುದೇ 180 ದಿನಗಳ ಅವಧಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ, ಮತ್ತು ಒಳಬಂದ ದಿನವೂ ಹೊರಟ ದಿನವೂ ಲೆಕ್ಕಕ್ಕೆ ಸೇರುತ್ತವೆ. ಅದಕ್ಕಿಂತ ದೊಡ್ಡ ತೊಡಕು ನಿಮ್ಮ ಪತ್ನಿಯವರ ಕೆಲಸ. ಪ್ರವಾಸಿ ವೀಸಾದ ಮೇಲೆ ಹೋಗಿ ಲ್ಯಾಪ್‌ಟಾಪ್ ತೆರೆದು ಕಚೇರಿ ಕೆಲಸ ಮಾಡುವವರು ಬಹಳ ಮಂದಿ ಇದ್ದಾರೆ, ಆದರೆ ಹೆಚ್ಚಿನ ದೇಶಗಳ ಪ್ರವಾಸಿ ವೀಸಾ ಕೆಲಸಕ್ಕೆ ಅನುಮತಿ ಕೊಡುವುದಿಲ್ಲ, ಮಕ್ಕಳನ್ನು ಜೊತೆಗಿಟ್ಟುಕೊಂಡು ಅಂಥ ಅಪಾಯಕ್ಕೆ ಕೈಹಾಕುವುದು ಸರಿಯಲ್ಲ. ದೂರದಿಂದ ಕೆಲಸ ಮಾಡುವವರಿಗೆಂದೇ ಮಲೇಷ್ಯಾ 2022ರಲ್ಲಿ ‘ಡಿಇ ರಾಂತಾವ್’ ಎಂಬ ಪಾಸ್ ತಂದಿದೆ. ಮೂರರಿಂದ ಹನ್ನೆರಡು ತಿಂಗಳವರೆಗೆ ಸಿಗುವ ಈ ಪಾಸ್‌ನಲ್ಲಿ ಪತಿ ಅಥವಾ ಪತ್ನಿಯನ್ನೂ ಮಕ್ಕಳನ್ನೂ ಸೇರಿಸಬಹುದು. ಸಾಫ್ಟ್‌ವೇರ್ ಕ್ಷೇತ್ರದವರಿಗೆ ವರ್ಷಕ್ಕೆ ಸುಮಾರು 24,000 ಅಮೆರಿಕನ್ ಡಾಲರ್ ಆದಾಯವಿರಬೇಕು. ಅರ್ಜಿ ಹಾಕುವ ಮೊದಲು ಅಂದಿನ ನಿಯಮವನ್ನು ಅಧಿಕೃತ ತಾಣದಲ್ಲಿ ನೋಡಿ, ಕಂಪನಿಯ ಒಪ್ಪಿಗೆಯನ್ನೂ ಬರವಣಿಗೆಯಲ್ಲಿ ಪಡೆಯಿರಿ.

ಆದ್ದರಿಂದ ಜೂನ್‌ನಿಂದ ಆಗಸ್ಟ್‌ವರೆಗೆ ಮಲೇಷ್ಯಾದ ಪೆನಾಂಗ್‌ನಲ್ಲಿ ಒಂದೇ ಮನೆ ಹಿಡಿಯಿರಿ. ತಮಿಳು ಕೇಳಿಸುವ ಬೀದಿಗಳಿರುವ, ಇಡ್ಲಿ ದೋಸೆ ಸಿಗುವ, ಒಳ್ಳೆಯ ಆಸ್ಪತ್ರೆಗಳಿರುವ ಊರು ಅದು. ಮಕ್ಕಳಲ್ಲಿ ಯಾರಿಗಾದರೂ ಉಬ್ಬಸವಿದ್ದರೆ ವೈದ್ಯರಲ್ಲಿ ವಿಚಾರಿಸಿ, ಏಕೆಂದರೆ ಕೆಲವು ವರ್ಷ ಮಳೆ ಕಡಿಮೆಯಾದ ತಿಂಗಳುಗಳಲ್ಲಿ ಇಂಡೊನೇಷ್ಯಾದ ಸುಮಾತ್ರಾ ದ್ವೀಪದ ಕಾಡಿನ ಬೆಂಕಿಯ ಹೊಗೆ ಅಲ್ಲಿಯವರೆಗೂ ಬರುತ್ತದೆ. ಸೆಪ್ಟೆಂಬರ್‌ನಿಂದ ಪತ್ನಿಯವರು ಸಂಬಳವಿಲ್ಲದ ರಜೆ ಪಡೆಯಲು ಸಾಧ್ಯವಾದರೆ ವಿಯೆಟ್ನಾಂಗೆ ಹೋಗಿ; 2023ರ ಆಗಸ್ಟ್‌ನಿಂದ ಅದರ ಇ-ವೀಸಾ 90 ದಿನಕ್ಕೆ ಸಿಗುತ್ತಿದೆ. ಸುಮಾರು 1,500 ಮೀಟರ್ ಎತ್ತರದ ಡಾ ಲಾತ್ ಪಟ್ಟಣದಲ್ಲಿ ನೆಲೆಸಿ, ನವೆಂಬರ್‌ನಲ್ಲಿ ಡಾಕ್ ಲಾಕ್ ಪ್ರಾಂತ್ಯದ ಬುವಾನ್ ಮಾ ಥುವೋತ್‌ಗೆ ಹೋಗಿ. ಜಗತ್ತಿನಲ್ಲಿ ಅತಿ ಹೆಚ್ಚು ರೊಬಸ್ಟಾ ಬೆಳೆಯುವ ದೇಶದ ಮುಖ್ಯ ಕಾಫಿ ಸೀಮೆ ಅದು, ಆಗ ಅಲ್ಲಿ ಕೊಯ್ಲಿನ ಕಾಲ. ಹಣ್ಣು ನಮ್ಮದೇ ರೊಬಸ್ಟಾ, ಆದರೆ ತೋಟ ಬೇರೆ ಬಗೆಯದು. ಬಹುಪಾಲು ಗಿಡಗಳಿಗೆ ಮೇಲೆ ನೆರಳಿನ ಮರಗಳೇ ಇಲ್ಲ. ಯಾಕೆ ಹೀಗೆ, ಇಳುವರಿ ಎಷ್ಟು ಬರುತ್ತದೆ, ನೀರು ಎಲ್ಲಿಂದ, ಮಣ್ಣು ಏನಾಗುತ್ತದೆ ಎಂದು ನಿಮ್ಮ ಮಗ ಅಲ್ಲಿನ ರೈತರೊಬ್ಬರ ಕಣದ ಅಂಚಿನಲ್ಲಿ ನಿಂತು ಕೇಳಿ ಬರೆದುಕೊಂಡರೆ, ಆ ಟಿಪ್ಪಣಿ ಏಳನೇ ತರಗತಿಯ ವಿಜ್ಞಾನ ಮತ್ತು ಸಮಾಜ ಎರಡಕ್ಕೂ ಸಲ್ಲುತ್ತದೆ.

ದಾಖಲೆಗಳಲ್ಲಿ ನಮ್ಮ ಜಿಲ್ಲೆಯವರಿಗೆ ಪದೇ ಪದೇ ಎದುರಾಗುವ ತೊಡಕು ಹೆಸರಿನದು. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರು ಮಾತ್ರ, ಶಾಲೆಯಲ್ಲಿ ತಂದೆಯ ಹೆಸರಿನ ಇನಿಷಿಯಲ್, ಆಧಾರ್‌ನಲ್ಲಿ ಮನೆತನದ ಹೆಸರು ಮುಂದೆ, ಪಾಸ್‌ಪೋರ್ಟ್‌ನಲ್ಲಿ ಹಿಂದೆ ಎಂಬಂತಿದ್ದರೆ ವೀಸಾ ಹೊತ್ತಿಗೆ ಪರದಾಟ ತಪ್ಪದು. ಈ ಬೇಸಿಗೆಯಲ್ಲೇ ಎಲ್ಲವನ್ನೂ ಒಂದೇ ರೂಪಕ್ಕೆ ತನ್ನಿ. ಚಿಕ್ಕ ಮಕ್ಕಳ ಪಾಸ್‌ಪೋರ್ಟ್ ಅವಧಿ ಐದೇ ವರ್ಷ. ಮರಳುವ ದಿನದ ನಂತರವೂ ಆರು ತಿಂಗಳು ಉಳಿದಿರಲಿ. ವಿಮೆಯನ್ನೂ ಎಣಿಸಿ ನೋಡಿ: ಹಲವು ಪ್ರವಾಸ ವಿಮೆಗಳು ಒಂದು ಪ್ರವಾಸಕ್ಕೆ 180 ದಿನ ಮಾತ್ರ ರಕ್ಷಣೆ ಕೊಡುತ್ತವೆ, ಜೂನ್ 1ರಿಂದ ನವೆಂಬರ್ 30ಕ್ಕೆ 183 ದಿನಗಳಾಗುತ್ತವೆ. ಮಕ್ಕಳ ಲಸಿಕೆಯ ದಾಖಲೆಯಿರುವ ‘ತಾಯಿ ಕಾರ್ಡ್’ ಹಿಡಿದು ಮಕ್ಕಳ ವೈದ್ಯರ ಬಳಿ ಹೋಗಿ, ಬಾಕಿಯಿರುವ ಲಸಿಕೆಗಳ ಜೊತೆಗೆ ರೇಬಿಸ್‌ನ ಮುಂಜಾಗ್ರತಾ ಲಸಿಕೆಯನ್ನೂ ಕೇಳಿ. ಅದನ್ನು ಮೊದಲೇ ಹಾಕಿಸಿದ್ದರೆ ನಾಯಿಯೋ ಕೋತಿಯೋ ಕಚ್ಚಿದಾಗ, ಎಲ್ಲ ಊರಲ್ಲೂ ಸಿಗದ ಇಮ್ಯುನೊಗ್ಲಾಬ್ಯುಲಿನ್ ಎಂಬ ಚುಚ್ಚುಮದ್ದು ಬೇಕಾಗುವುದಿಲ್ಲ. ಗಾಯವನ್ನು ಸೋಪಿನಿಂದ ತೊಳೆದು ಮತ್ತೆ ಲಸಿಕೆ ಹಾಕಿಸುವುದನ್ನು ಮಾತ್ರ ಬಿಡುವಂತಿಲ್ಲ.

ತಾಯಿಯವರ ಬಗ್ಗೆ ನೀವು ಕೊನೆಯಲ್ಲಿ ಒಂದೇ ವಾಕ್ಯದಲ್ಲಿ ಹೇಳಿದ ಸಂಗತಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ನೀವು ಊರಲ್ಲಿಲ್ಲದ ಜೂನ್, ಜುಲೈ, ಆಗಸ್ಟ್ ತಿಂಗಳುಗಳೇ ಕೊಡಗಿನ ತೋಟದ ಮನೆಯಲ್ಲಿ ವಯಸ್ಸಾದವರಿಗೆ ಅತಿ ಕಷ್ಟದ ತಿಂಗಳುಗಳು. ಮರ ಬಿದ್ದು ಕರೆಂಟ್ ಹೋದರೆ ದಿನಗಟ್ಟಲೆ ಬರುವುದಿಲ್ಲ, ಅದರ ಹಿಂದೆಯೇ ಫೋನ್ ಕೂಡ ಸತ್ತುಹೋಗುತ್ತದೆ. 2018 ಮತ್ತು 2019ರ ಆಗಸ್ಟ್‌ಗಳಲ್ಲಿ ಜಿಲ್ಲೆಯಲ್ಲಿ ಗುಡ್ಡ ಕುಸಿದದ್ದನ್ನು ನಿಮಗೆ ನೆನಪಿಸಬೇಕಾಗಿಲ್ಲ. ತಾಯಿಯವರನ್ನು ಆ ಮೂರು ತಿಂಗಳು ಪೇಟೆಯಲ್ಲಿರುವ ಬಂಧುಗಳ ಮನೆಗೆ ಕಳುಹಿಸಲು ಅವರಿಗೇ ಇಷ್ಟವಿದೆಯೇ, ಇಲ್ಲವಾದರೆ ಮನೆಯಲ್ಲಿ ರಾತ್ರಿ ಉಳಿಯುವವರು ಯಾರು, ಔಷಧಿ ತರುವವರು ಯಾರು ಎಂಬುದನ್ನು ಟಿಕೆಟ್ ಕಾಯ್ದಿರಿಸುವ ಮೊದಲೇ ಅವರನ್ನು ಕೂರಿಸಿಕೊಂಡು ಮಾತಾಡಿ. ಒಪ್ಪುವಂಥ ವ್ಯವಸ್ಥೆ ಆಗದಿದ್ದರೆ ಮಲೇಷ್ಯಾವನ್ನು ಬಿಟ್ಟುಬಿಡಿ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ಮುಗಿಸಿಕೊಂಡು ಸೆಪ್ಟೆಂಬರ್‌ನಲ್ಲಿ ನೇರವಾಗಿ ವಿಯೆಟ್ನಾಂಗೆ ಹೊರಡಿ.