60 ಗಜಕ್ಕೆ ಹೊಡೆದ್ರೆ ಭುಜದ ಮಾಂಸ ಛಿದ್ರ: 60ಕ್ಕೂ 300ಕ್ಕೂ ಆಗೋ .308 ಬುಲೆಟ್ ಯಾವುದು?
.308 (ರೈಫಲ್ ಗುಂಡಿನ ಒಂದು ಅಳತೆ) ರೈಫಲಲ್ಲಿ 60 ಗಜದಿಂದ ಜಿಂಕೆಗೆ ಹೊಡೆದಾಗ ಭುಜದ ಮಾಂಸ ಛಿದ್ರ ಆಯ್ತು, 300 ಗಜಕ್ಕೂ ಆಗೋ ಬುಲೆಟ್ ಬೇಕು, ಫ್ರೆಂಡ್ ಮ್ಯಾಚ್ ಬುಲೆಟ್ ತಗೋ ಅಂದ್ರು ಅಂತ ಕೇಳಿದ್ರಿ. ನಿಮ್ದು ದೂರದ ಸಮಸ್ಯೆ ಅಲ್ಲ, ಬಡಿಯೋವಾಗಿನ ಸ್ಪೀಡಿಂದು. 150 ಗ್ರೇನ್ (ಬುಲೆಟ್ ತೂಕದ ಅಳತೆ) ಬುಲೆಟ್ ನಳಿಗೆಯಿಂದ ಸೆಕೆಂಡಿಗೆ ಸುಮಾರು 2800 ಅಡಿ ವೇಗದಲ್ಲಿ ಹೊರಡುತ್ತೆ, 60 ಗಜದಲ್ಲಿ ಅದು ಹೆಚ್ಚು ಇಳಿದೇ ಇರಲ್ಲ, ನೀವು ಹಾಕಿರೋ ಪ್ಲಾಸ್ಟಿಕ್ ತುದಿಯ ತೆಳು ಜಾಕೆಟ್ (ಸೀಸದ ಮೇಲಿನ ಲೋಹದ ಹೊದಿಕೆ) ಬುಲೆಟ್ ಭುಜದ ಮೂಳೆಗೆ ಬಡಿದ ತಕ್ಷಣ ಒಡೆದು ಚೂರಾಗಿರ್ಬೇಕು. 300 ಗಜಕ್ಕೆ ಅದೇ ವೇಗ ಸುಮಾರು 2200ಕ್ಕೆ ಬರುತ್ತೆ.

ಮೊದಲು 150ರಿಂದ 165 ಗ್ರೇನ್ ಬಾಂಡೆಡ್ ಬುಲೆಟ್ ತಗೊಳ್ಳಿ, ಸೀಸ ಜಾಕೆಟ್ಟಿಗೆ ಅಂಟಿರೋದ್ರಿಂದ ಹತ್ತಿರದಲ್ಲಿ ಚೂರಾಗಲ್ಲ, ದೂರದಲ್ಲೂ ಅರಳುತ್ತೆ, ಅಂದ್ರೆ ಬಡಿದಾಗ ತುದಿ ಅಗಲ ಆಗುತ್ತೆ. ಪೂರ್ತಿ ತಾಮ್ರದ್ದೂ ಚೆನ್ನಾಗಿದೆ, ಆದ್ರೆ ಅದು ಅರಳೋಕೆ ಸಾಮಾನ್ಯವಾಗಿ 1800–2000 ಅಡಿ ವೇಗ ಬೇಕು, ಕಂಪನಿ ಹೇಳಿರೋ ಕನಿಷ್ಠ ವೇಗ ನೋಡ್ಕೊಳ್ಳಿ. ನಿಮ್ಮ ಬ್ಯಾರೆಲ್ ಉದ್ದ ಹೇಳಿಲ್ಲ, ಡಬ್ಬಿ ಮೇಲಿನ ವೇಗದ ಲೆಕ್ಕ ಹೆಚ್ಚಾಗಿ 24 ಇಂಚಿಂದು, ನಿಮ್ದು 16 ಇಂಚಾದ್ರೆ 150 ಅಡಿಯಷ್ಟಾದ್ರೂ ಕಳೀರಿ. ಫ್ರೆಂಡ್ ಹೇಳಿದ ಮ್ಯಾಚ್ ಬುಲೆಟ್ ಬೇಡ, ಅದು ಸ್ಪರ್ಧೆಲಿ ಕಾಗದದ ಗುರಿಗೆ ಹೊಡೆಯೋಕೆ ಮಾಡಿದ್ದು, ಜಿಂಕೆ ಒಳಗೆ ಹೇಗೆ ವರ್ತಿಸುತ್ತೆ ಅಂತ ನಂಬೋಕಾಗಲ್ಲ, ಗಾಯಗೊಂಡು ಓಡಿಹೋದ್ರೆ ಅದಕ್ಕೆ ನರಕ.

ಆಮೇಲೆ ರೇಂಜಲ್ಲಿ 200 ಗಜಕ್ಕೆ ಝೀರೋ ಮಾಡಿ (ಗುರಿ ಇಟ್ಟಲ್ಲೇ ಗುಂಡು ಬೀಳೋ ಹಾಗೆ ಹೊಂದಿಸಿ), 300ಕ್ಕೆ ಸುಮಾರು 8 ಇಂಚು ಕೆಳಗೆ ಬೀಳುತ್ತೆ, ನಿಮ್ಮ ರೈಫಲಲ್ಲಿ ಎಷ್ಟು ಅಂತ ಹೊಡೆದೇ ನೋಡಿ. 300ರಲ್ಲಿ ಗುಂಡುಗಳು 6 ಇಂಚೊಳಗೆ ಕೂರ್ತಿಲ್ಲ ಅಂದ್ರೆ 200ಕ್ಕೇ ನಿಲ್ಲಿಸಿ. ಹತ್ತಿರ ಸಿಕ್ಕಾಗ ಭುಜ ಬಿಟ್ಟು ಅದರ ಹಿಂದೆ ಪಕ್ಕೆಲುಬಿಗೆ ಗುರಿ ಇಡಿ, ಮಾಂಸನೂ ಉಳಿಯುತ್ತೆ.