1972ರ ಎಂಜಿಬಿಯ ಬ್ರೇಕ್ ವಾರ್ನಿಂಗ್ ವಾಲ್ವ್ ಸೋರುತ್ತಿದೆ. ಕಿತ್ತು ಹಾಕಬೇಕೇ, ರಿಪೇರಿ ಮಾಡಬಹುದೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಅಮೆರಿಕದಲ್ಲಿದ್ದೀರಿ, ಅಲ್ಲಿಯ ಮಾರುಕಟ್ಟೆಗೆಂದೇ ತಯಾರಾದ 1972ರ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಕೊಂಡಿದ್ದೀರಿ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲಿಗೆ ಒತ್ತಡ ಕೊಡುವ ಮಾಸ್ಟರ್ ಸಿಲಿಂಡರಿನ ಕೆಳಗೆ ಐದು ಪೈಪು ಸೇರುವ ಹಿತ್ತಾಳೆಯ ಗಟ್ಟಿ ಇದೆ, ಅದೇ ಈ ವಾಲ್ವ್, ಅದರ ನಡುವಿನ ಸ್ವಿಚ್ಚಿನ ಬುಡದಲ್ಲಿ ಬ್ರೇಕ್ ಆಯಿಲ್ ಜಿನುಗುತ್ತಿದೆ, ಸುತ್ತಲಿನ ಪೇಂಟ್ ಎದ್ದುಬಂದಿದೆ. ಮೆಕ್ಯಾನಿಕ್ "ಇದು ಬರೀ ದೀಪ ಹೊತ್ತಿಸೋಕೆ ಇರೋದು, ಕಿತ್ತುಹಾಕಿ ಒಂದು ಫೈವ್-ವೇ ಯೂನಿಯನ್ ಹಾಕಿಬಿಡೋಣ" ಅಂದಿದ್ದಾರೆ.

ದಯವಿಟ್ಟು ಅದೊಂದನ್ನು ಮಾಡಿಸಬೇಡಿ. ಹಳೇ ಬ್ರಿಟಿಷ್ ಕಾರುಗಳ ಬ್ರೇಕ್ ಕೆಲಸವನ್ನು ನಾನು ಬಹಳ ಕಾಲದಿಂದ ಸ್ವಂತ ಕೈಯಲ್ಲೇ ಮಾಡಿಕೊಂಡು ಬಂದಿದ್ದೇನೆ. ಈ ಸಲಹೆ ಕೇಳಿದಾಗಲೆಲ್ಲ ಎದೆ ಝಲ್ಲೆನ್ನುತ್ತದೆ, ಯಾಕೆಂದರೆ ಐದು ಪೈಪನ್ನೂ ಒಂದೇ ಯೂನಿಯನ್ನಿಗೆ ಸೇರಿಸಿದರೆ ನಿಮ್ಮ ಕಾರಿನ ಎರಡು ಬ್ರೇಕ್ ಲೈನು ಒಂದಾಗಿಬಿಡುತ್ತವೆ.

ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ನಮ್ಮೂರಿನ ಹಳೇ ಅಂಬಾಸಿಡರ್, ಪದ್ಮಿನಿಗಳಲ್ಲಿ ಒಂದೇ ಲೈನು. ಎಲ್ಲೋ ಒಂದು ಹೋಸ್ ಒಡೆದರೆ ಪೆಡಲ್ ನೆಲ ಮುಟ್ಟುತ್ತಿತ್ತು, ಉಳಿಯುತ್ತಿದ್ದದ್ದು ಹ್ಯಾಂಡ್‌ಬ್ರೇಕ್ ಮಾತ್ರ. ಅಮೆರಿಕದಲ್ಲಿ 1968ರ ಜನವರಿಯಿಂದ ಕಾರುಗಳಿಗೆ ಎರಡು ಪ್ರತ್ಯೇಕ ಲೈನು, ಒಂದು ಕೈಕೊಟ್ಟರೆ ಚಾಲಕನಿಗೆ ತಿಳಿಸುವ ದೀಪ, ಎರಡೂ ಕಡ್ಡಾಯವಾದವು. ಅದಕ್ಕಾಗಿಯೇ ಅಲ್ಲಿಗೆ ಹೋಗುವ ಎಂಜಿಬಿಗೆ ಟ್ಯಾಂಡಮ್ (ಎರಡು ಲೈನಿಗೂ ಬೇರೆ ಬೇರೆಯಾಗಿ ಒತ್ತಡ ಕೊಡುವ) ಮಾಸ್ಟರ್ ಸಿಲಿಂಡರೂ ಈ ವಾಲ್ವೂ ಬಂದವು. ಮುಂದಿನ ಎರಡು ಡಿಸ್ಕ್ ಒಂದು ಲೈನು, ಹಿಂದಿನ ಡ್ರಮ್ಮುಗಳು ಇನ್ನೊಂದು. ಮಾಸ್ಟರಿನಿಂದ ಎರಡು ಪೈಪು ಒಳಕ್ಕೆ, ಮುಂದಿನ ಚಕ್ರಗಳಿಗೆ ಎರಡು ಮತ್ತು ಹಿಂದಕ್ಕೆ ಒಂದು ಹೊರಕ್ಕೆ. ಅಂದರೆ ಇದು ಹಂಚುವ ಬ್ಲಾಕೂ ಹೌದು, ಎಚ್ಚರಿಸುವ ವಾಲ್ವೂ ಹೌದು. ಬಿಡಿಭಾಗ ಮಾರುವವರ ಹತ್ತಿರ ಪಿಡಿಡಬ್ಲ್ಯೂಎ (ಪ್ರೆಶರ್ ಡಿಫರೆನ್ಷಿಯಲ್ ವಾರ್ನಿಂಗ್ ಆಕ್ಚುಯೇಟರ್) ಎಂದು ಕೇಳಿದರೆ ತಕ್ಷಣ ಗೊತ್ತಾಗುತ್ತದೆ.

ಒಳಗೆ ಒಂದೇ ಒಂದು ಚಲಿಸುವ ಭಾಗವಿದೆ. ಬೆರಳುದ್ದದ ಒಂದು ಪಿಸ್ಟನ್, ಅದನ್ನು ಶಟಲ್ ಅನ್ನುತ್ತಾರೆ. ಅದರ ಎರಡೂ ತುದಿಯಲ್ಲಿ ಒಂದೊಂದು ರಬ್ಬರ್ ಸೀಲ್, ನಡುವೆ ತಗ್ಗಾದ ತೋಡು. ಒಂದು ತುದಿಯ ಮೇಲೆ ಮುಂದಿನ ಲೈನಿನ ಒತ್ತಡ, ಇನ್ನೊಂದರ ಮೇಲೆ ಹಿಂದಿನದು. ಎರಡೂ ಸಮ ಇರುವ ತನಕ ಶಟಲ್ ತಕ್ಕಡಿಯ ಮುಳ್ಳಿನ ಹಾಗೆ ನಡುವೆಯೇ ನಿಲ್ಲುತ್ತದೆ. ಒಂದು ಕಡೆ ಒತ್ತಡ ಬಿದ್ದುಹೋದರೆ ಆ ಕಡೆಗೆ ಜರುಗುತ್ತದೆ. ಜರುಗುವಾಗ ತೋಡಿನಲ್ಲಿ ಕೂತಿದ್ದ ಸ್ವಿಚ್ಚಿನ ಕಡ್ಡಿ ದಿಬ್ಬ ಹತ್ತಿ ಮೇಲೇಳುತ್ತದೆ, ಅರ್ಥ್ ಸಿಕ್ಕಿ ಡ್ಯಾಶ್‌ಬೋರ್ಡಿನ ದೀಪ ಹೊತ್ತಿಕೊಳ್ಳುತ್ತದೆ.

ಎರಡು ಸೀಲುಗಳ ನಡುವಿನ ಜಾಗ ಯಾವಾಗಲೂ ಒಣಗಿಯೇ ಇರಬೇಕು. ಸ್ವಿಚ್ಚಿನ ಬುಡದಲ್ಲಿ ಬ್ರೇಕ್ ಆಯಿಲ್ ಕಂಡಿತೆಂದರೆ ಒಂದು ಸೀಲಾದರೂ ಹೋಗಿದೆ ಎಂದೇ ಅರ್ಥ, ಬೇರೆ ಪರೀಕ್ಷೆ ಬೇಕಿಲ್ಲ. ಪ್ಲಾಸ್ಟಿಕ್ ಸ್ವಿಚ್ಚನ್ನು ಬಿಗಿ ಮಾಡಿಯೋ ಟೇಪು ಸುತ್ತಿಯೋ ಸೋರಿಕೆ ನಿಲ್ಲಿಸಲು ನೋಡಬೇಡಿ. ಆ ಸ್ವಿಚ್ ಒತ್ತಡ ತಡೆಯಲೆಂದು ಮಾಡಿದ್ದಲ್ಲ.

ಇನ್ನು ಬಿಚ್ಚುವ ಕೆಲಸ. ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಪ್ರತಿ ಪೈಪಿಗೂ ಟೇಪು ಅಂಟಿಸಿ ಗುರುತು ಹಾಕಿ. ಮಾಮೂಲಿ ಸ್ಪ್ಯಾನರ್ ಹಾಕಿದರೆ ನಟ್ಟಿನ ಮೂಲೆ ಸವೆದು ದುಂಡಗಾಗುತ್ತದೆ, ಅದಕ್ಕೆ ಫ್ಲೇರ್ ನಟ್ ಸ್ಪ್ಯಾನರೇ ಬೇಕು. ನಟ್ಟಿನ ಜೊತೆ ಪೈಪೂ ತಿರುಚಿಕೊಳ್ಳುತ್ತಿದೆ ಅನ್ನಿಸಿದರೆ ಅಲ್ಲೇ ನಿಲ್ಲಿಸಿ ಪೈಪು ಕತ್ತರಿಸಿ. ಐವತ್ತು ವರ್ಷದ ಸ್ಟೀಲ್ ಪೈಪನ್ನು ಉಳಿಸಲು ಹೋಗುವುದರಲ್ಲಿ ಅರ್ಥವಿಲ್ಲ. ತಾಮ್ರ-ನಿಕ್ಕಲ್ ಪೈಪು ಸಿಗುತ್ತದೆ, ತುಕ್ಕು ಹಿಡಿಯುವುದಿಲ್ಲ, ಕೈಯಲ್ಲೇ ಬಗ್ಗುತ್ತದೆ. ಆಯಿಲ್ ಚೆಲ್ಲುವ ಕಡೆ ಹಳೇ ಬಟ್ಟೆ ಹಾಸಿ. ಪೇಂಟಿನ ಮೇಲೆ ಬಿದ್ದರೆ ಆಗಲೇ ಧಾರಾಳವಾಗಿ ನೀರು ಹಾಕಿ ತೊಳೆಯಿರಿ.

ಬ್ಲಾಕ್ ಕೈಗೆ ಬಂದ ಮೇಲೆ ಸ್ವಿಚ್ಚನ್ನು ಮೊದಲು ಬಿಚ್ಚಬೇಕು, ಶಟಲ್ ಆಮೇಲೆ. ಈ ಕ್ರಮ ತಪ್ಪಿದರೆ ತೋಡಿನಲ್ಲಿ ಕೂತಿರುವ ಕಡ್ಡಿ ಮುರಿಯುತ್ತದೆ. ನಂತರ ತುದಿಯ ಪ್ಲಗ್ ಬಿಚ್ಚಿ, ಅದರಡಿಯ ತಾಮ್ರದ ವಾಷರ್ ತೆಗೆಯಿರಿ. ಶಟಲ್ ಸಾಮಾನ್ಯವಾಗಿ ತಾನಾಗಿ ಬರುವುದಿಲ್ಲ. ಬ್ಲಾಕನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಪ್ಲಗ್ಗಿನ ಎದುರು ತುದಿಯ ಲೈನಿನ ಒಂದು ಪೋರ್ಟಿಗೆ ಕಡಿಮೆ ಒತ್ತಡದ ಗಾಳಿ ಕೊಡಿ, ಅದೇ ಲೈನಿನ ಉಳಿದ ಪೋರ್ಟುಗಳನ್ನು ಬೆರಳಲ್ಲಿ ಮುಚ್ಚಿಕೊಳ್ಳಿ. ಕಂಪ್ರೆಸರಿನ ಪೂರ್ತಿ ಒತ್ತಡ ಬಿಟ್ಟರೆ ಶಟಲ್ ಗುಂಡಿನಂತೆ ಹಾರುತ್ತದೆ. ಬ್ಲಾಕಿನ ಬಾಯಿಯ ಎದುರು ಮುಖ ಇರಬಾರದು, ಕಣ್ಣಿಗೆ ಕನ್ನಡಕ ಇರಲೇಬೇಕು. ಇಕ್ಕಳ, ಸ್ಕ್ರೂಡ್ರೈವರ್ ಹಾಕಿ ಮೀಟುವುದಂತೂ ಬೇಡವೇ ಬೇಡ.

ಈಗ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ರಿಪೇರಿ ಕಿಟ್ಟಿನಲ್ಲಿ ಬರುವ ರಬ್ಬರ್ ಅಗ್ಗ, ಎಲ್ಲರೂ ಅದರ ಬಗ್ಗೆಯೇ ಕೇಳುತ್ತಾರೆ. ಆದರೆ ವಾಲ್ವ್ ಉಳಿಯುತ್ತದೋ ಇಲ್ಲವೋ ಅನ್ನುವುದು ಬೋರಿನ, ಅಂದರೆ ಶಟಲ್ ಓಡಾಡುವ ಕೊಳವೆಯ ಒಳಮೈಯ ಮೇಲೆ ನಿಂತಿದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಈ ಬ್ಲಾಕಿನೊಳಗೆ ಆಯಿಲ್ ಓಡಾಡುವುದೇ ಕಡಿಮೆ, ಶಟಲ್ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕೂತಿರುತ್ತದೆ. ತೇವ ಸೇರಿದ ಆಯಿಲ್ ಸೀಲಿನ ಅಂಚಿನಲ್ಲಿ ನಿಂತು ಅಲ್ಲಿನ ಲೋಹವನ್ನೇ ತಿನ್ನುತ್ತದೆ. ಅದಕ್ಕೇ ಗುಳಿಗಳು ಬೋರಿನ ತುಂಬ ಇರುವುದಿಲ್ಲ, ಸೀಲ್ ಕೂರುವ ಜಾಗದಲ್ಲೇ ಉಂಗುರದ ಆಕಾರದಲ್ಲಿರುತ್ತವೆ.

ಐಸೊಪ್ರೊಪಿಲ್ ಆಲ್ಕೊಹಾಲ್ ಅಥವಾ ಬ್ರೇಕ್ ಕ್ಲೀನರ್ ಹಾಕಿ ತೊಳೆದು, ಬಿದಿರು ಕಡ್ಡಿಗೆ ನೂಲುಬಿಡದ ಬಟ್ಟೆ ಸುತ್ತಿ ಒರೆಸಿ. ಒಂದು ಬದಿಯಿಂದ ಸಣ್ಣ ಟಾರ್ಚ್ ಹಿಡಿದು ಇನ್ನೊಂದು ಬದಿಯಿಂದ ನೋಡಿ. ಕಂದು ಕಲೆ, ಹಸಿರು ಪಾಚಿಯಂಥ ಕಿಲುಬು ಇದ್ದರೆ ಹೆದರಬೇಡಿ, 2000 ನಂಬರಿನ ವಾಟರ್ ಪೇಪರನ್ನು ಬ್ರೇಕ್ ಆಯಿಲಿನಲ್ಲಿ ಅದ್ದಿ ಸುತ್ತು ಸುತ್ತಾಗಿ ಉಜ್ಜಿದರೆ ಹೋಗುತ್ತದೆ. ಉದ್ದಕ್ಕೆ ಎಳೆದು ಉಜ್ಜಬೇಡಿ, ಉದ್ದ ಗೀರು ಬಿದ್ದರೆ ಸೀಲಿನಡಿ ಆಯಿಲಿಗೆ ದಾರಿ ಮಾಡಿಕೊಟ್ಟಂತೆ. ಒರೆಸಿದ ಮೇಲೆ ಬಿದಿರು ಕಡ್ಡಿಯ ತುದಿಯನ್ನು ಬೋರಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಎಲ್ಲೂ ತಡೆಯದೆ ಜಾರಿದರೆ ವಾಲ್ವ್ ಉಳಿಯಿತು. ಸೀಲ್ ಓಡಾಡುವ ಜಾಗದಲ್ಲಿ ತುದಿ ತಡೆದರೆ ಅದು ಗುಳಿ. ಗುಳಿ ಹೋಗುವ ತನಕ ಹೋನ್ (ಒಳಮೈ ಉಜ್ಜುವ ಸಾಣೆ) ಹಾಕಿ ಬೋರ್ ದೊಡ್ಡದು ಮಾಡುವವರಿದ್ದಾರೆ. ಹಾಗೆ ಮಾಡಿದರೆ ಹೊಸ ಸೀಲಿಗೆ ಹಿಡಿತವೇ ಸಿಗುವುದಿಲ್ಲ. ಅಂಥ ಬ್ಲಾಕನ್ನು ಸ್ಲೀವ್ (ಬೋರಿನೊಳಗೆ ಕೂರಿಸುವ ಹೊಸ ಲೋಹದ ಕೊಳವೆ) ಹಾಕಿಸಲು ಕೊಡಿ, ಇಲ್ಲವೇ ಬೇರೆಯದು ಕೊಳ್ಳಿ. ಹಳೆಯದೇ ಕೊಳ್ಳುವುದಾದರೆ ಅದನ್ನೂ ಹೀಗೇ ಬಿಚ್ಚಿ ನೋಡಿ.

ಸೀಲು ಇಪಿಡಿಎಂ ರಬ್ಬರಿನದೇ ಆಗಿರಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕಪ್ಪು ಓ ರಿಂಗ್ ಬಹುಮಟ್ಟಿಗೆ ನೈಟ್ರೈಲ್, ಅಳತೆ ಸರಿಯಾಗಿ ಹೊಂದಿದರೂ ಬ್ರೇಕ್ ಆಯಿಲಿನಲ್ಲಿ ಊದಿಕೊಳ್ಳುತ್ತದೆ. ಎರಡೂ ನೋಡಲು ಒಂದೇ ಥರ, ಆದ್ದರಿಂದ ಏನೆಂದು ಬರೆದಿರುವ ಪೊಟ್ಟಣದಿಂದಲೇ ತೆಗೆದುಕೊಳ್ಳಿ. ಹಾಗೆಯೇ ಇಪಿಡಿಎಂ ರಬ್ಬರಿಗೆ ಎಂಜಿನ್ ಆಯಿಲ್, ಮಾಮೂಲಿ ಗ್ರೀಸ್, ಪೆಟ್ರೋಲ್, ಸೀಮೆಎಣ್ಣೆ ಯಾವುದೂ ಸೋಕಬಾರದು. ಜೋಡಿಸುವಾಗ ಹೊಸ ಬ್ರೇಕ್ ಆಯಿಲ್ ಅಥವಾ ಕೆಂಪು ರಬ್ಬರ್ ಗ್ರೀಸ್ ಸವರಿ. ನಿಮ್ಮ ಕಿಟ್ಟಿನಲ್ಲಿ ಓ ರಿಂಗ್ ಬದಲು ತುಟಿಯಿರುವ ಸೀಲ್ ಬಂದಿದ್ದರೆ ತುಟಿ ಹೊರಮುಖವಾಗಿ, ಅಂದರೆ ಒತ್ತಡ ಬರುವ ಕಡೆಗೆ ಇರಲಿ.

ಶಟಲನ್ನು ಒಳಗೆ ತಳ್ಳುವಾಗ ಅವಸರ ಬೇಡ. ಮೊದಲು ಹೋಗುವ ಸೀಲ್ ದಾರಿಯಲ್ಲಿ ಪೋರ್ಟುಗಳನ್ನೂ ಸ್ವಿಚ್ಚಿನ ತೂತನ್ನೂ ದಾಟಬೇಕು. ತೂತಿನ ಅಂಚು ಚೂಪಾಗಿದ್ದರೆ ರಬ್ಬರಿನಿಂದ ಸಣ್ಣ ಚೂರೊಂದನ್ನು ಹೆರೆದುಬಿಡುತ್ತದೆ, ಹೊಸ ಸೀಲ್ ಹಾಕಿದ ಮೇಲೂ ಸೋರುತ್ತದೆ ಅನ್ನುವವರಲ್ಲಿ ಎಷ್ಟೋ ಜನರ ಕತೆ ಇದೇ. ನಾನು ಸ್ವಿಚ್ಚಿನ ತೂತಿನಲ್ಲಿ ನೋಡುತ್ತಾ, ಶಟಲನ್ನು ಅತ್ತಿತ್ತ ತಿರುಗಿಸುತ್ತಾ, ಉಬ್ಬಿದ ರಬ್ಬರನ್ನು ಮೊಂಡು ಪ್ಲಾಸ್ಟಿಕ್ ಕಡ್ಡಿಯಿಂದ ಒಳಕ್ಕೆ ಒತ್ತಿ ದಾಟಿಸುತ್ತೇನೆ. ಆ ತೂತಿನ ನಡುವೆ ತೋಡು ಕಂಡಾಗ ನಿಲ್ಲಿಸಿ, ಹೊಸ ತಾಮ್ರದ ವಾಷರ್ ಹಾಕಿ ಪ್ಲಗ್ ಬಿಗಿ ಮಾಡಿ.

ಪೈಪಿನ ನಟ್ಟುಗಳನ್ನೆಲ್ಲ ಮೊದಲು ಕೈಯಲ್ಲೇ ಕೆಲವು ಸುತ್ತು ಹಾಕಿ. ಹಿಂದಿನ ಮಾಲೀಕರು ಎಲ್ಲಾದರೂ ಹೊಸ ಪೈಪು ಹಾಕಿಸಿದ್ದರೆ ನಟ್ಟುಗಳನ್ನು ಅಳೆದು ನೋಡಿ, ಏಕೆಂದರೆ 3/8 ಇಂಚಿನ ಯುಎನ್‌ಎಫ್ (ಇಂಚಿನ ಲೆಕ್ಕದ ಸಣ್ಣ ಮರೆಯ) ನಟ್ಟೂ 10 ಮಿಲಿಮೀಟರಿನ ಮೆಟ್ರಿಕ್ ನಟ್ಟೂ ಕಣ್ಣಿಗೆ ಒಂದೇ ಥರ. 3/8 ಅಂದರೆ 9.5 ಮಿಲಿಮೀಟರ್ ಚಿಲ್ಲರೆ, ಮೆಟ್ರಿಕ್ ತೂತಿಗೆ ಸಲೀಸಾಗಿ ಇಳಿಯುತ್ತದೆ, ಬಿಗಿಯಾದ ಹಾಗೂ ಅನ್ನಿಸುತ್ತದೆ, ಜೋರಾಗಿ ಬ್ರೇಕ್ ಒತ್ತಿದ ದಿನ ಕಿತ್ತುಕೊಂಡು ಬರುತ್ತದೆ. ಪೈಪಿನ ತುದಿಯ ಫ್ಲೇರೂ (ಅಗಲಿಸಿದ ಬಾಯಿ) ಅಷ್ಟೇ, ಉಬ್ಬಿದ್ದಕ್ಕೆ ತಗ್ಗಿನ ಸೀಟು, ತಗ್ಗಿದ್ದಕ್ಕೆ ಉಬ್ಬಿದ ಸೀಟು. ಹಳೆಯದು ಹೇಗಿತ್ತೋ ಹಾಗೇ ಮಾಡಿಸಿ.

ಸ್ವಿಚ್ಚನ್ನು ಈಗಲೇ ಹಾಕಬೇಡಿ. ಸ್ವಿಚ್ಚಿಲ್ಲದೆಯೇ ಲೈನಿನ ಗಾಳಿ ತೆಗೆಯಿರಿ. ಗಾಳಿ ತೆಗೆಯುವಾಗ ಒಂದು ಕಡೆಯ ಒತ್ತಡ ಬಿದ್ದು ಶಟಲ್ ಜರುಗುವುದು ಸಹಜ, ಕಡ್ಡಿ ಅಲ್ಲಿರದಿದ್ದರೆ ಅದಕ್ಕೆ ಪೆಟ್ಟಾಗುವುದಿಲ್ಲ. ಪೆಡಲನ್ನು ನೆಲ ಮುಟ್ಟುವ ತನಕ ಒತ್ತಬೇಡಿ, ಅರ್ಧ ಒತ್ತಿದರೆ ಸಾಕು. ಹಳೇ ಮಾಸ್ಟರ್ ಸಿಲಿಂಡರಿನಲ್ಲಿ ಪಿಸ್ಟನ್ ಎಂದೂ ಹೋಗದ ಕೊನೆಯ ಭಾಗ ಒರಟಾಗಿರುತ್ತದೆ, ಅಲ್ಲಿಗೆ ತಳ್ಳಿದರೆ ಅದರ ಸೀಲುಗಳು ಹರಿಯುತ್ತವೆ. ಗಾಳಿ ಪೂರ್ತಿ ಹೋದ ಮೇಲೆ ಒಬ್ಬರು ಪೆಡಲನ್ನು ಬಲವಾಗಿ ಒತ್ತಿ ಹಿಡಿಯಲಿ, ನೀವು ಸ್ವಿಚ್ಚಿನ ತೂತಿಗೆ ಬಿಳಿ ಟಿಶ್ಯೂ ಸುರುಳಿ ತೂರಿಸಿ ಎರಡು ನಿಮಿಷ ಬಿಟ್ಟು ತೆಗೆಯಿರಿ. ಒಣಗಿದ್ದರೆ ಸೀಲ್ ಹಿಡಿದಿದೆ.

ಶಟಲಿನ ತೋಡು ನಡುವಿನಲ್ಲಿದೆಯೇ ಎಂದು ಮತ್ತೊಮ್ಮೆ ನೋಡಿ ಸ್ವಿಚ್ಚನ್ನು ಕೈಯಲ್ಲೇ ಹಾಕಿ, ಸ್ಪ್ಯಾನರಿನಲ್ಲಿ ಬರೀ ತಾಗಿಸಿದಷ್ಟು ಬಿಗಿ ಮಾಡಿ. ಶಟಲ್ ಜರುಗಿದ್ದರೆ ಯಾವ ಕಡೆಗೆ ಜರುಗಿದೆಯೋ ಅದರ ಎದುರು ಲೈನಿನ ಬ್ಲೀಡ್ ನಿಪ್ಪಲ್ (ಚಕ್ರದ ಬಳಿ ಗಾಳಿ ತೆಗೆಯುವ ತಿರುಪು) ಸಡಿಲಿಸಿ. ಉದಾಹರಣೆಗೆ ಹಿಂದಿನ ಲೈನಿನ ಕಡೆಗೆ ಹೋಗಿದ್ದರೆ ಮುಂದಿನ ಒಂದು ನಿಪ್ಪಲ್ ಬಿಚ್ಚಿ, ಪೆಡಲನ್ನು ನಿಧಾನವಾಗಿ ಒತ್ತಿಸಿ. ಹಿಂದಿನ ಒತ್ತಡವೇ ಶಟಲನ್ನು ವಾಪಸ್ಸು ತರುತ್ತದೆ, ನಡುವಿಗೆ ಬಂದ ಕೂಡಲೇ ನಿಪ್ಪಲ್ ಮುಚ್ಚಿ. ದೀಪ ಹೊತ್ತದಿದ್ದರೆ ಬಲ್ಬೇ ಹೋಗಿರಬಹುದು, ಡ್ಯಾಶ್‌ಬೋರ್ಡಿನಲ್ಲಿರುವ ಆ ದೀಪವನ್ನೇ ಒತ್ತಿ ಪರೀಕ್ಷಿಸಿ.

ಆಯಿಲ್ ಯಾವುದು ಅಂತ ಕೇಳುತ್ತೀರಿ. ಡಾಟ್ 4 ಹಾಕಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಹೊಸದಾಗಿದ್ದಾಗ ಅದು ಕನಿಷ್ಠ 230 ಡಿಗ್ರಿ ತನಕ ಕುದಿಯುವುದಿಲ್ಲ, ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಸಿಲಿಕೋನ್ ಇರುವ ಡಾಟ್ 5 ಪೇಂಟ್ ಕೆಡಿಸುವುದಿಲ್ಲವೆಂದು ಕೆಲವರಿಗೆ ಇಷ್ಟ, ಆದರೆ ಅದನ್ನು ಹಳೆಯದರ ಜೊತೆ ಬೆರೆಸುವ ಹಾಗಿಲ್ಲ.

ಇಷ್ಟಾದ ಮೇಲೂ ಬೋರ್ ಹೋಗಿದ್ದು, ಬೇರೆ ವಾಲ್ವ್ ಸಿಗುವ ತನಕ ಕಾರು ಓಡಲೇಬೇಕು ಅನ್ನುವುದಾದರೆ ನಿಮ್ಮ ಮೆಕ್ಯಾನಿಕ್ಕಿಗೆ ಹೀಗೆ ಹೇಳಿ: ಮುಂದಿನ ಲೈನಿಗೆ ಒಂದು ತ್ರೀ-ವೇ ಯೂನಿಯನ್, ಹಿಂದಿನದಕ್ಕೆ ಬೇರೆಯೇ ಒಂದು ನೇರ ಜಾಯಿಂಟ್, ಎರಡರ ನಡುವೆ ಎಲ್ಲೂ ಸಂಪರ್ಕ ಇರಬಾರದು. ಆಗ ದೀಪದ ಎಚ್ಚರಿಕೆ ಇರುವುದಿಲ್ಲ, ಪ್ರತಿ ಸಲ ಹೊರಡುವ ಮುಂಚೆ ಬಾನೆಟ್ ಎತ್ತಿ ಮಾಸ್ಟರ್ ಸಿಲಿಂಡರಿನ ಆಯಿಲ್ ಮಟ್ಟವನ್ನು ನೀವೇ ನೋಡಬೇಕು. ಬೋರಿನ ಫೋಟೋ ಹಾಕಿದರೆ ಉಳಿಯುತ್ತದೋ ಇಲ್ಲವೋ ನೋಡಿ ಹೇಳುತ್ತೇನೆ.